ಏಳು ಸಾವಿರ ರೂಪಾಯಿಯ ರೀಫಂಡಿಗೆ ಎಷ್ಟು ಕಾಗದ ಬೇಕು?

ಜೂನ್ ತಿಂಗಳಲ್ಲಿ ಸಂಬಳ ಮತ್ತು ಮುರಿದುಕೊಂಡ ತೆರಿಗೆಯ ವಿವರವಿರುವ ಕಂಪನಿಯ ಪ್ರಮಾಣಪತ್ರ, ಅಂದರೆ ಫಾರಂ 16, ಕೈಗೆ ಬರುತ್ತಿದ್ದಂತೆ ಸಂಬಳದಾರರ ನಡುವೆ ಮೊದಲು ಏಳುವ ಪ್ರಶ್ನೆ, ಈ ಸಲ ರೀಫಂಡ್ ಎಷ್ಟು ಬಂದೀತು ಎಂಬುದು. ವರ್ಷವಿಡೀ ಟಿಡಿಎಸ್ ರೂಪದಲ್ಲಿ ನಮ್ಮ ಸಂಬಳದಿಂದ ಮುರಿದುಕೊಂಡ ಹಣ ನಿಜವಾಗಿ ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಾಗಿದ್ದರೆ, ಆ ಹೆಚ್ಚಿನ ಭಾಗ ಮರಳಿ ಬರುವುದಕ್ಕೆ ರೀಫಂಡ್ ಎನ್ನುತ್ತೇವೆ. ಆದ್ದರಿಂದ ಕಡಿತಗಳನ್ನು, ಅಂದರೆ ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯಬಹುದಾದ ಮೊತ್ತಗಳನ್ನು, ಒಂದೊಂದಾಗಿ ಪಟ್ಟಿ ಮಾಡಲು ಕೂರುವ ಮೊದಲು, ಆ ಪಟ್ಟಿ ನಮ್ಮ ತೆರಿಗೆಯನ್ನು ನಿಜಕ್ಕೂ ಇಳಿಸುತ್ತದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ. ದರ ಕಡಿಮೆಯಿದ್ದು ಹೆಚ್ಚಿನ ಕಡಿತಗಳಿಗೆ ಅವಕಾಶವಿಲ್ಲದ ಹೊಸ ತೆರಿಗೆ ಪದ್ಧತಿ ತಾನಾಗಿಯೇ ಅನ್ವಯವಾಗುವ ವ್ಯವಸ್ಥೆ ಬಂದ ಮೇಲೆ ಬಹಳ ಮಂದಿಗೆ ಉತ್ತರ 'ಇಲ್ಲ' ಎಂದೇ ಬರುತ್ತಿದೆ.

2025–26ನೇ ಹಣಕಾಸು ವರ್ಷದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಇದ್ದು, ಅದನ್ನು ಕಳೆದ ಮೇಲೆ ಉಳಿಯುವ ಆದಾಯ 12 ಲಕ್ಷ ದಾಟದಿದ್ದರೆ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆಯಾಗುತ್ತದೆ. ಅಂದರೆ ಸಂಬಳವೊಂದೇ ಆದಾಯವಾಗಿದ್ದು ಅದು 12.75 ಲಕ್ಷದೊಳಗಿದ್ದರೆ, ಮುರಿದುಕೊಂಡ ಟಿಡಿಎಸ್ ಪೂರ್ತಿ ವಾಪಸ್ ಬರುತ್ತದೆ. ಎಲ್ಐಸಿ ರಸೀದಿಯನ್ನಾಗಲೀ ಬಾಡಿಗೆ ಚೀಟಿಯನ್ನಾಗಲೀ ಹುಡುಕುವ ಕೆಲಸವೇ ಇಲ್ಲ.

ಅದಕ್ಕಿಂತ ಮೇಲಿನ ಸಂಬಳದವರ ವಿಷಯದಲ್ಲಿ ಲೆಕ್ಕ ಸ್ವಾರಸ್ಯಕರವಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ 15 ಲಕ್ಷ ರೂಪಾಯಿ ಸಂಬಳ ಪಡೆಯುವ ಒಬ್ಬರಿದ್ದಾರೆ ಎಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ಅವರ ತೆರಿಗೆ, ಶೇ 4ರ ಸೆಸ್ ಸೇರಿ, 97,500 ರೂಪಾಯಿ. ಹಳೆಯ ಪದ್ಧತಿಯಲ್ಲಿ ಇದಕ್ಕಿಂತ ಕಡಿಮೆ ತೆರಿಗೆ ಬರಬೇಕಾದರೆ, ಅಲ್ಲಿ ಸಿಗುವ 50,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಉಳಿದ ಕಡಿತ, ವಿನಾಯಿತಿಗಳ ಮೊತ್ತ 5,43,750 ರೂಪಾಯಿಯನ್ನು ದಾಟಬೇಕು. ಸಂಬಳ 25 ಲಕ್ಷದ ಆಸುಪಾಸಿಗೆ ಮತ್ತು ಅದರಾಚೆಗೆ ಹೋದರೆ ಈ ಗಡಿ 8 ಲಕ್ಷಕ್ಕೆ ಏರಿ ನಿಲ್ಲುತ್ತದೆ.

ಐದೂವರೆ ಲಕ್ಷ ತಲುಪುವುದು ಹೇಗೆ? ಎಲ್ಲರಿಗೂ ಮೊದಲು ನೆನಪಾಗುವುದು ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್, ಅದರ ಮಿತಿ ಒಂದೂವರೆ ಲಕ್ಷ. ಮಾರ್ಚ್ ತಿಂಗಳಲ್ಲಿ ಏಜೆಂಟರ ಮಾತು ಕೇಳಿ ಬೇಡದ ಪಾಲಿಸಿ ಮಾಡಿಸುವವರು ತಮ್ಮ ಪಿಎಫ್ ಕೂಡ ಇದೇ ಮಿತಿಯೊಳಗೆ ಬರುತ್ತದೆ ಎಂಬುದನ್ನು ಮರೆತಿರುತ್ತಾರೆ. ನಮ್ಮ ಉದಾಹರಣೆಯವರ ಮೂಲ ವೇತನ ಏಳೂವರೆ ಲಕ್ಷವಾಗಿದ್ದು ಅದರ ಶೇ 12ರಷ್ಟು ಪಿಎಫ್‌ಗೆ ಹೋಗುತ್ತಿದ್ದರೆ, ಅದೇ 90,000 ಆಯಿತು. ಉಳಿದ 60,000ವನ್ನು ಇಬ್ಬರು ಮಕ್ಕಳ ಶಾಲೆಯ ಬೋಧನಾ ಶುಲ್ಕವೇ ತುಂಬಿಬಿಡಬಹುದು. ಶಾಲೆಗೆ ಕೊಟ್ಟ ಡೊನೇಷನ್ನಿಗಾಗಲೀ ಬಸ್ ಶುಲ್ಕಕ್ಕಾಗಲೀ ಇಲ್ಲಿ ಜಾಗವಿಲ್ಲ.

80ಡಿ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ತಮ್ಮ ಕುಟುಂಬದ ಆರೋಗ್ಯ ವಿಮೆಗೆ 25,000 ಮತ್ತು 60 ದಾಟಿದ ತಂದೆ ತಾಯಿಯರ ವಿಮೆಗೆ 50,000 ರೂಪಾಯಿಯವರೆಗೆ ಕಡಿತ ಸಿಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತು. ಊರಿನಲ್ಲಿರುವ ಹಿರಿಯರಿಗೆ ವಿಮೆಯೇ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ಮತ್ತು ಔಷಧಿಗೆ ನಾವು ಮಾಡಿದ ಖರ್ಚನ್ನೇ ಅದೇ 50,000 ರೂಪಾಯಿಯ ಮಿತಿಯಲ್ಲಿ ತೋರಿಸಬಹುದು ಎಂಬುದು ಮಾತ್ರ ಎಷ್ಟೋ ಮಂದಿಗೆ ತಿಳಿದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗೆ ತಿಂಗಳು ತಿಂಗಳು ಹಣ ಕಳಿಸುವ ಮಕ್ಕಳು ಲೆಕ್ಕವಿಲ್ಲದಷ್ಟಿದ್ದಾರೆ. ಆ ಹಣ ನಗದಾಗಿ ಕೈ ಬದಲಾದರೆ ಕಡಿತ ಸಿಗುವುದಿಲ್ಲ, ಬ್ಯಾಂಕ್ ಅಥವಾ ಯುಪಿಐ ಮೂಲಕ ಪಾವತಿಯಾಗಿ ಬಿಲ್ಲು ಕೈಯಲ್ಲಿದ್ದರೆ ಸಿಗುತ್ತದೆ. ಇಡೀ ಪಟ್ಟಿಯಲ್ಲಿ ಇದಕ್ಕಿಂತ ನ್ಯಾಯವಾದ ಬಾಬ್ತು ಇನ್ನೊಂದಿಲ್ಲ ಎಂದು ನನಗನಿಸುತ್ತದೆ.

ಇನ್ನು ಮನೆ ಬಾಡಿಗೆ ಭತ್ಯೆ. ಕೈಗೆ ಬಂದ ಭತ್ಯೆ, ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನದ ಶೇ 10ರಷ್ಟನ್ನು ಕಳೆದು ಉಳಿದದ್ದು, ಮತ್ತು ಮೂಲ ವೇತನದ ನಿಗದಿತ ಪಾಲು, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ. ಆ ನಿಗದಿತ ಪಾಲು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ನಗರಗಳಲ್ಲಿ ಶೇ 50. 2025–26ರ ಲೆಕ್ಕದಲ್ಲಿ ಬೆಂಗಳೂರಿಗೆ ಶೇ 40 ಮಾತ್ರ. ನಮ್ಮ ಉದಾಹರಣೆಯವರು ತಿಂಗಳಿಗೆ 35,000 ಬಾಡಿಗೆ ಕೊಡುತ್ತಿದ್ದು ವರ್ಷಕ್ಕೆ ಮೂರೂವರೆ ಲಕ್ಷ ಭತ್ಯೆ ಪಡೆಯುತ್ತಿದ್ದರೆ, ಇಲ್ಲಿ ಅವರಿಗೆ ಸಿಗುವ ವಿನಾಯಿತಿ 3,00,000 ರೂಪಾಯಿ. ಇದೇ ಸಂಬಳ, ಇದೇ ಬಾಡಿಗೆ ಚೆನ್ನೈನಲ್ಲಾಗಿದ್ದರೆ 3,45,000. ತೆರಿಗೆಯಲ್ಲಿ ಇದರಿಂದ ಆಗುವ ವ್ಯತ್ಯಾಸ 9,360 ರೂಪಾಯಿ. ಬೆಂಗಳೂರಿನ ಬಾಡಿಗೆ ಯಾವ ಮಹಾನಗರಕ್ಕೆ ಕಡಿಮೆಯೆಂದು ಕಾಯ್ದೆ ಬರೆದವರನ್ನೇ ಕೇಳಬೇಕು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕೊಡಬೇಕು. ತಂದೆ ತಾಯಿಯರ ಮನೆಯಲ್ಲಿದ್ದು ಅವರಿಗೆ ಬಾಡಿಗೆ ಕೊಡುವವರು ಅದನ್ನು ನಿಜವಾಗಿ ಅವರ ಖಾತೆಗೆ ಹಾಕಿರಬೇಕು, ಮತ್ತು ಅವರು ಅದನ್ನು ತಮ್ಮ ಆದಾಯವೆಂದು ತೋರಿಸಬೇಕು.

ಈಗ ಕೂಡಿಸಿ ನೋಡೋಣ. ಬಾಡಿಗೆಯ ವಿನಾಯಿತಿ 3,00,000, 80ಸಿ 1,50,000, 80ಡಿ 75,000, ರಾಷ್ಟ್ರೀಯ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಪ್ರತ್ಯೇಕವಾಗಿ ಕಟ್ಟಿದ 50,000, ರಾಜ್ಯಕ್ಕೆ ಸಂದ ವೃತ್ತಿ ತೆರಿಗೆ 2,500, ಒಟ್ಟು 5,77,500 ರೂಪಾಯಿ. ಹಳೆಯ ಪದ್ಧತಿಯಲ್ಲಿ ತೆರಿಗೆ 90,480ಕ್ಕೆ ಇಳಿಯಿತು. ಕಂಪನಿ ಹೊಸ ಪದ್ಧತಿಯಂತೆ 97,500 ಮುರಿದುಕೊಂಡಿದ್ದರೆ ರೀಫಂಡ್ 7,020 ರೂಪಾಯಿ. ಹೆಚ್ಚುಕಡಿಮೆ ಎಲ್ಲ ಮಿತಿಗಳನ್ನೂ ತುಂಬಿದ ಶಿಸ್ತಿನ ಮನುಷ್ಯನಿಗೆ ಸಿಕ್ಕಿದ್ದು ಇಷ್ಟು. ಈ ಏಳು ಸಾವಿರಕ್ಕಾಗಿಯೇ ನಿವೃತ್ತಿಯವರೆಗೆ ಸುಲಭವಾಗಿ ತೆಗೆಯಲಾಗದಂತೆ 50,000 ರೂಪಾಯಿಯನ್ನು ಎನ್‌ಪಿಎಸ್‌ನಲ್ಲಿ ಇಡುವುದು ನನಗೆ ಜಾಣತನವಾಗಿ ಕಾಣುವುದಿಲ್ಲ. ಪಿಂಚಣಿಗೆಂದು ಹೇಗೂ ಇಡುವವರ ಮಾತು ಬೇರೆ. ಸಾಲದ್ದಕ್ಕೆ, ರೀಫಂಡ್ ಮೊತ್ತ ಒಟ್ಟು ತೆರಿಗೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಇಲಾಖೆ ಅದಕ್ಕೆ ಬಡ್ಡಿ ಕೊಡುವುದಿಲ್ಲವಾದ್ದರಿಂದ, ಇವರಿಗೆ ತಿಂಗಳಿಗೆ ಶೇ ಅರ್ಧದ ಆ ಬಡ್ಡಿಯೂ ಇಲ್ಲ.

ಇದೇ ವ್ಯಕ್ತಿ ಶಿಕ್ಷಣ ಸಾಲಕ್ಕೆ ವರ್ಷದಲ್ಲಿ 60,000 ಬಡ್ಡಿ ಕಟ್ಟಿದ್ದರೆ ಚಿತ್ರ ಬದಲಾಗುತ್ತದೆ. 80ಇ ಅಡಿಯಲ್ಲಿ ಆ ಬಡ್ಡಿಗೆ ಗರಿಷ್ಠ ಮಿತಿಯಿಲ್ಲ, ಎಂಟು ವರ್ಷಗಳವರೆಗೆ ಕಡಿತ ಪಡೆಯಬಹುದು. ತೆರಿಗೆ 78,000ಕ್ಕೆ ಇಳಿದು ರೀಫಂಡ್ 19,500 ಆಗುತ್ತದೆ. ಗಡಿಯನ್ನು ಒಮ್ಮೆ ದಾಟಿದ ಮೇಲೆ ಸೇರುವ ಪ್ರತಿ ಸಾವಿರಕ್ಕೂ ಇವರಿಗೆ 208 ರೂಪಾಯಿ ಲಾಭ. ಗಡಿಯೊಳಗೇ ಉಳಿದರೆ ಎಷ್ಟು ರಸೀದಿ ಜೋಡಿಸಿದರೂ ಫಲವಿಲ್ಲ.

ಪಟ್ಟಿಯನ್ನು ಉಬ್ಬಿಸಿ ದೊಡ್ಡ ರೀಫಂಡ್ ಕೊಡಿಸುತ್ತೇವೆ, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ ಎನ್ನುವ ಮಧ್ಯವರ್ತಿಗಳಿದ್ದಾರೆ. ರಾಜಕೀಯ ಪಕ್ಷಕ್ಕೆ ದೇಣಿಗೆ, ಇಲ್ಲದ ಬಾಡಿಗೆ, ಮನೆಯಲ್ಲಿ ಯಾರಿಗೂ ಇಲ್ಲದ ಅಂಗವೈಕಲ್ಯ ಇವರ ಮಾಮೂಲಿ ಸರಕು. 2025ರ ಜುಲೈನಲ್ಲಿ ಇಲಾಖೆ ಇಂಥವರ ಮೇಲೆ ದೇಶದ ಹಲವು ಕಡೆ ಪರಿಶೀಲನಾ ಕಾರ್ಯಾಚರಣೆ ನಡೆಸಿತು. ಸುಳ್ಳು ಕಡಿತ ತೋರಿಸಿ ಸಿಕ್ಕಿಬಿದ್ದರೆ ದಂಡ ತಪ್ಪಿಸಿದ ತೆರಿಗೆಯ ಎರಡು ಪಟ್ಟಾಗಬಹುದು, ಅದನ್ನು ಕಟ್ಟಬೇಕಾದವರು ರಿಟರ್ನ್ ಸಲ್ಲಿಸಿದವರೇ ಹೊರತು ಮಧ್ಯವರ್ತಿಯಲ್ಲ. ಈಗಂತೂ ರಿಟರ್ನ್ ತುಂಬುವಾಗಲೇ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಸಾಲ ಕೊಟ್ಟ ಬ್ಯಾಂಕು, ಸಾಲದ ಖಾತೆ ಸಂಖ್ಯೆ ಎಲ್ಲವನ್ನೂ ಕೇಳುತ್ತಾರೆ. ಬರಿಯ ಮೊತ್ತ ಬರೆದು ಮುಗಿಸುವ ಕಾಲ ಹೋಯಿತು.

ವರ್ಷದ ಆರಂಭದಲ್ಲಿ ಕಂಪನಿಗೆ ಹೊಸ ಪದ್ಧತಿ ಎಂದು ಹೇಳಿದ್ದರೂ, ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ರಿಟರ್ನ್ ಸಲ್ಲಿಸುವಾಗ ಹಳೆಯದನ್ನು ಆರಿಸಿಕೊಳ್ಳಬಹುದು. ಗಡುವಿನೊಳಗೆ ಸಲ್ಲಿಸಿದವರಿಗೆ ಮಾತ್ರ ಈ ಆಯ್ಕೆ ಇದೆ. ತಡವಾದರೆ ಹೊಸ ಪದ್ಧತಿಯೇ ಗತಿಯಾಗಿ, ಕಡಿತಗಳ ಪಟ್ಟಿ ವ್ಯರ್ಥವಾಗುತ್ತದೆ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿಯಿಂದಲೋ ಬೇರೆ ಬಗೆಯಲ್ಲೋ ದೃಢೀಕರಿಸಬೇಕು, ಮತ್ತು ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಮೊದಲೇ ಮಾನ್ಯವಾಗಿರಬೇಕು. ಅಲ್ಲಿಂದ ಮುಂದೆ ಕೆಲಸ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ್ದು. ದೇಶದ ಮೂಲೆಮೂಲೆಯ ರಿಟರ್ನ್‌ಗಳೂ ಲೆಕ್ಕವಾಗುವುದು ಅಲ್ಲಿಯೇ.