ಮಧ್ಯಾಹ್ನ ಮಾತ್ರ ಕೈಕೊಡುತ್ತಿದ್ದ ಎಸಿ

“ಮುಂಜಾನೆ ಐಸ್ ಇದ್ದಂಗೆ ಬರ್ತೈತಣ್ಣ, ಮಧ್ಯಾಹ್ನ ಆತು ಅಂದ್ರೆ ಬರೀ ಬಿಸಿ ಗಾಳಿ.” ಸಂಡೂರು ಕಡೆ ಅದಿರು ಹೊಡೆಯುವ ಟಿಪ್ಪರ್‌ನ ಮಾಲೀಕ, ಡ್ರೈವರೂ ಅವನೇ, ನನ್ನ ಗ್ಯಾರೇಜಿಗೆ ಬಂದು ಹೇಳಿದ್ದು ಇಷ್ಟೇ. ಕಾಯಿಲೆ ಪೂರ್ತಿ ಆ ಮಾತಿನಲ್ಲೇ ಇತ್ತು. ನಾನು ಕೇಳಿಸಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ.

2010ರ ಗಾಡಿ, 24 ವೋಲ್ಟ್. ಹೊಸಪೇಟೆಯ ಏಪ್ರಿಲ್ ಬಿಸಿಲು, ಹೊತ್ತು ಎರಡು ಗಂಟೆ. ಬಾನೆಟ್ ಒಳಗೆಲ್ಲ ಕೆಂಪು ದೂಳು. ಎಂಜಿನ್ ಓಡುತ್ತಿದೆ, ಪುಲ್ಲಿ ತಿರುಗುತ್ತಿದೆ, ಕಂಪ್ರೆಸರ್ ಮುಂದಿನ ಕ್ಲಚ್ ಪ್ಲೇಟ್ ಮಾತ್ರ ಅಲ್ಲಾಡುತ್ತಿಲ್ಲ. (ಕ್ಲಚ್ ಕಾಯಿಲ್‌ಗೆ ಕರೆಂಟ್ ಬಂದರೆ ಅದು ಮ್ಯಾಗ್ನೆಟ್ ಆಗಿ ಈ ಪ್ಲೇಟನ್ನು ಪುಲ್ಲಿಗೆ ಎಳೆದು ಹಿಡಿಯಬೇಕು, ಆಗಲೇ ಕಂಪ್ರೆಸರ್ ತಿರುಗುವುದು.) ಒತ್ತಡದ ಗೇಜ್ ಹಾಕಿದರೆ ಕಂಪ್ರೆಸರ್ ಗ್ಯಾಸ್ ಎಳೆಯುವ ಲೋ ಕಡೆ, ತಳ್ಳುವ ಹೈ ಕಡೆ, ಎರಡರಲ್ಲೂ 125 ಪಿಎಸ್‌ಐ. ಗ್ಯಾಸ್ ಇದೆ ಎಂದುಕೊಂಡೆ. (ನಿಂತ ಸಿಸ್ಟಮ್‌ನ ಒತ್ತಡ ಗ್ಯಾಸ್ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಆರ್-134ಎ ಅನ್ನುವ ಎಸಿ ಗ್ಯಾಸ್ ಸಿಸ್ಟಮ್ ಒಳಗೆ ಸ್ವಲ್ಪ ದ್ರವವಾಗಿ ಉಳಿದಿದ್ದರೂ ಸಾಕು, 30 ಡಿಗ್ರಿಗೆ ಸುಮಾರು 97, 35ಕ್ಕೆ ಸುಮಾರು 115 ತೋರಿಸುತ್ತದೆ. ಅರ್ಧ ಖಾಲಿಯಾದ ಗಾಡಿಯಲ್ಲೂ ಅಷ್ಟೇ.)

ಆಮೇಲೆ ಕ್ಲಚ್ ಕನೆಕ್ಟರ್ ಕಿತ್ತು ಮಲ್ಟಿಮೀಟರ್ ಹಿಡಿದೆ. 27 ವೋಲ್ಟ್. ಕರೆಂಟ್ ಬರುತ್ತಿದೆ, ಕ್ಲಚ್ ಹಿಡಿಯುತ್ತಿಲ್ಲ ಅಂದಮೇಲೆ ಇನ್ನೇನು ನೋಡುವುದು? ಫೀಲರ್ ಗೇಜ್ ಹಾಕಿದರೆ ಪ್ಲೇಟ್ ಮತ್ತು ಪುಲ್ಲಿ ನಡುವೆ 1.1 ಮಿ.ಮೀ. ಸಂದು. ಅರ್ಧ ಮಿ.ಮೀ. ಆಸುಪಾಸು ಇರಬೇಕಾದದ್ದು. ಸವೆದಿದೆ, ಕಂಪ್ರೆಸರ್ ಬದಲಿಸಿಬಿಡಿ ಅಂದೆ. ರೀಕಂಡೀಷನ್ ಪೀಸಿಗೆ ಹನ್ನೊಂದು ಸಾವಿರ. ಪಾಪ, ಒಂದು ಮಾತೂ ಎದುರಾಡದೆ ಕೊಟ್ಟ. ಹೊಸ ಆಯಿಲ್, ವ್ಯಾಕ್ಯೂಮ್, ಗ್ಯಾಸ್ ಎಲ್ಲ ಮುಗಿಯುವಾಗ ಸಂಜೆ ಏಳಾಗಿತ್ತು. ಕೈ ಜುಮ್ಮೆನ್ನುವಷ್ಟು ತಂಪು ಬಂತು. ಸಂಜೆಯ ಹೊತ್ತು ಅನ್ನುವುದನ್ನು ನೆನಪಿಡಿ.

ಮೂರನೇ ದಿನ ಮಧ್ಯಾಹ್ನ ಟಿಪ್ಪರ್ ಮತ್ತೆ ಗ್ಯಾರೇಜ್ ಮುಂದೆ.

ಈ ಸಲ ಕನೆಕ್ಟರ್ ಕೀಳಲಿಲ್ಲ. ಸಿಕ್ಕಿಸಿಯೇ ಇಟ್ಟು, ಹಿಂದಿನಿಂದ ಸೂಜಿ ತೂರಿಸಿ ನೋಡಿದೆ. 13 ವೋಲ್ಟ್! 27ರಲ್ಲಿ ಉಳಿದ 14 ಎಲ್ಲಿ ಹೋಯಿತು ಎಂದು ಹುಡುಕುತ್ತ ಹೊರಟರೆ, ಕ್ಲಚ್‌ಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇಯ ಸುಟ್ಟ ಪಾಯಿಂಟ್‌ಗಳಲ್ಲಿ ನಾಲ್ಕು ವೋಲ್ಟ್, ಕ್ಲಚ್‌ನ ಅರ್ತ್ ವೈರ್ ಚಾಸಿಗೆ ಸೇರುವ ಬೋಲ್ಟಿನಲ್ಲಿ ಹತ್ತು. ಬೋಲ್ಟಿನ ಸುತ್ತ ಅದಿರಿನ ದೂಳು ಯಾವುದು, ತುಕ್ಕು ಯಾವುದು ಎಂದು ಗುರುತು ಹಿಡಿಯುವ ಹಾಗಿರಲಿಲ್ಲ. ಕನೆಕ್ಟರ್ ಕಿತ್ತಾಗ ಕರೆಂಟೇ ಹರಿಯುವುದಿಲ್ಲವಲ್ಲ, ತುಕ್ಕಿನಲ್ಲಿ ವೋಲ್ಟ್ ಬೀಳುವುದಾದರೂ ಹೇಗೆ? ಮೀಟರ್ ಸುಳ್ಳು ಹೇಳಿರಲಿಲ್ಲ. ನಾನೇ ಭಾರ ಇಳಿಸಿ ತೂಗಿದ್ದೆ.

ಮಧ್ಯಾಹ್ನದ ಗುಟ್ಟು ತಾಮ್ರದಲ್ಲಿತ್ತು. ಬಿಸಿ 25 ಡಿಗ್ರಿ ಏರಿದರೆ ತಾಮ್ರದ ತಂತಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಶೇ. 10ರಷ್ಟು ಏರುತ್ತದೆ. ತಣ್ಣಗಿದ್ದಾಗ 15 ಓಂ ತೋರಿಸುವ ಕ್ಲಚ್ ಕಾಯಿಲ್, ಎಂಜಿನ್ ಕಾದಮೇಲೆ 19 ತೋರಿಸಿತು. ಅದೂ ಸಾಲದೆಂದು ಆ ಬೋಲ್ಟು ಕೂಡ ಬಿಸಿಗೆ ಇನ್ನಷ್ಟು ಸತಾಯಿಸುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ 18 ವೋಲ್ಟ್ ಬಂತು. ಕಾಯಿಲ್‌ನಲ್ಲಿ ಕರೆಂಟ್ ಅರ್ಧವಾದರೆ ಮ್ಯಾಗ್ನೆಟ್ಟಿನ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ. ಹಳೇ ಕಂಪ್ರೆಸರ್‌ಗೆ 1.1ರ ಸಂದು ಬೇರೆ. ಅದು ಬೆಳಿಗ್ಗೆ ಹಿಡಿಯುತ್ತಿದ್ದದ್ದೇ ದೊಡ್ಡದು.

ನಿಜವಾಗಿ ಪಂಪು ಸತ್ತ ಕಂಪ್ರೆಸರ್‌ನ ಲಕ್ಷಣವೇ ಬೇರೆ. ಕ್ಲಚ್ ಹಿಡಿದಿರುತ್ತದೆ, ತಿರುಗುತ್ತಿರುತ್ತದೆ, ಆದರೂ ಲೋ 70-80ರಿಂದ ಇಳಿಯುವುದಿಲ್ಲ, ಹೈ 120-130 ದಾಟುವುದಿಲ್ಲ, ಆಕ್ಸಿಲರೇಟರ್ ಒತ್ತಿದರೂ ಮುಳ್ಳು ಕದಲುವುದಿಲ್ಲ. ಚೆನ್ನಾಗಿರುವುದು ನಮ್ಮ ಬಿಸಿಲಿಗೆ ಲೋ 30-40, ಹೈ 200-250 ಕೊಡುತ್ತದೆ. ಈ ಗಾಡಿ ಬೆಳಿಗ್ಗೆ ಐಸ್ ಇದ್ದಂತೆ ತಂಪು ಕೊಡುತ್ತಿತ್ತು. ಸತ್ತ ಪಂಪು ಬೆಳಿಗ್ಗೆ ಎದ್ದು ಕೂರುತ್ತದೆಯೇ?

ಬೋಲ್ಟ್ ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿದೆ, ರಿಲೇ ಬದಲಿಸಿದೆ. ನೂರೆಂಬತ್ತು ರೂಪಾಯಿಯ ಮಾಲು. ಕ್ಲಚ್ ಹಿಡಿದಿರುವಾಗಲೇ 26 ವೋಲ್ಟ್ ಬಂತು. ಹಳೇ ಕಂಪ್ರೆಸರ್‌ನ ಹಬ್ ತೆಗೆದು ಸಂದು ಹೊಂದಿಸಲು ಹಾಕುವ ತೆಳು ವಾಷರ್, ಅಂದರೆ ಶಿಮ್, ಒಂದು ಕಡಿಮೆ ಮಾಡಿದೆ. ಸಂದು ಅರ್ಧ ಮಿ.ಮೀ.ಗೆ ಬಂತು. ಹತ್ತು ನಿಮಿಷದ ಕೆಲಸ. ಪ್ಲೇಟನ್ನು ಕೋಲಿನಿಂದ ತಳ್ಳಿ ಹಿಡಿಯುತ್ತದೋ ಇಲ್ಲವೋ ನೋಡುವ ಪದ್ಧತಿ ನಮ್ಮಲ್ಲಿದೆ. ಅದರಿಂದಲೂ ಇದು ತಿಳಿಯುತ್ತಿತ್ತು, ಆದರೆ ತಿರುಗುವ ಬೆಲ್ಟಿನ ಪಕ್ಕ ಕೈ ಇಡುವ ವಿದ್ಯೆಯನ್ನು ನಾನು ಹುಡುಗರಿಗೆ ಕಲಿಸುವುದಿಲ್ಲ. ಕನೆಕ್ಟರ್ ಕಿತ್ತು ವೋಲ್ಟ್ ನೋಡುವ ಹುಡುಗನಿಗೆ ಮಾತ್ರ ಈಗ ನನ್ನಿಂದ ಬೈಗುಳ ಗ್ಯಾರಂಟಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳಿಗೆಲ್ಲ ಕ್ಯಾಬಿನ್ ಎಸಿ ಕಡ್ಡಾಯ. ಇನ್ನು ಐದಾರು ವರ್ಷಕ್ಕೆ ಇಂಥ ಬೋಲ್ಟುಗಳು ಎಷ್ಟು ಬರುತ್ತವೋ.

ಮಾಲೀಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲ ಸಲದ ಕೂಲಿ ವಾಪಸ್ ಕೊಟ್ಟೆ. ಕಂಪ್ರೆಸರ್ ಅಂಗಡಿಯವನು ಬಿಚ್ಚಿ ಹಾಕಿದ ಮಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಳೆಯದರ ಎರಡೂ ಬಾಯಿಗೆ ಮುಚ್ಚಳ ಬಿಗಿದು, ಗೋಣಿಚೀಲದಲ್ಲಿ ಸುತ್ತಿ ಅವನ ಕೈಗೇ ಕೊಟ್ಟೆ. ಈಗಲೂ ಅದು ಅವನ ಸೀಟಿನ ಹಿಂದೆ ಇದೆ. ಗ್ಯಾರೇಜ್ ಮುಂದೆ ಹಾದುಹೋಗುವಾಗ ಹಾರ್ನ್ ಹೊಡೆದು ಕೂಗುತ್ತಾನೆ: “ನಿಮ್ ಪೇಷಂಟ್ ಆರಾಮೈತಣ್ಣ!”