ಒಂದು ಬಕೆಟ್ ನೀರು

ಅಮ್ಮನ ಔಷಧಿ ಡಬ್ಬ ಸರಿ ಮಾಡುತ್ತಾ ಕೂತಿದ್ದೆ. ತಳದಲ್ಲಿ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯೋಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ) ಸ್ಟ್ರಿಪ್ ಸಿಕ್ಕಿತು. ನಾಲ್ಕು ಮಾತ್ರೆ ಹಾಗೇ ಇವೆ, ಡೇಟ್ ಮುಗಿದಿದೆ. ಸಿಂಕಿಗೆ ಹಾಕಿ ನೀರು ಬಿಡೋಣ ಅಂತ ಎದ್ದವಳು ನಿಂತುಬಿಟ್ಟೆ. ಪಟಾನ್‌ಚೆರು ನೆನಪಾಯಿತು.

ಹೈದರಾಬಾದ್ ಪಕ್ಕದ ಊರದು. ಸುಮಾರು 90 ಔಷಧ ಕಾರ್ಖಾನೆಗಳ ಕೊಳಚೆ ಅಲ್ಲಿನ ಒಂದು ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಘಟಕದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷೆ ಮಾಡಿ 2007ರಲ್ಲಿ ವರದಿ ಬರೆದರು. ಲೀಟರಿಗೆ 31 ಮಿಲಿಗ್ರಾಂವರೆಗೂ ಇದೇ ಸಿಪ್ರೊಫ್ಲಾಕ್ಸಾಸಿನ್! ಲೆಕ್ಕ ಹಾಕಿದೆ. ನನ್ನ ಕೈಲಿದ್ದ 500 ಮಿಲಿಗ್ರಾಂ ಮಾತ್ರೆ ಒಂದನ್ನು 16 ಲೀಟರ್ ನೀರಿಗೆ, ಅಂದರೆ ಒಂದು ಬಕೆಟ್‌ಗೆ, ಕರಗಿಸಿದ ಹಾಗೆ. ಮಾತ್ರೆ ನುಂಗಿದವರ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಘಟಕದ ಆ ನೀರು ಆಗ ಹಳ್ಳಕ್ಕೆ ಬಿದ್ದು ಸೇರುತ್ತಿದ್ದುದು ಮಂಜೀರಾ ನದಿಗೆ. ನಮ್ಮ ಬೀದರ್ ಕಡೆಯಿಂದ ಹರಿದು ಹೋಗುವ ಅದೇ ಮಂಜೀರಾ. ಇಂಥ ನೀರಲ್ಲೂ ಬ್ಯಾಕ್ಟೀರಿಯಾಗಳು ಔಷಧಿಗೆ ಜಗ್ಗದಂತೆ ಗಟ್ಟಿಯಾಗುವುದು.

ಮಾತ್ರೆ ಕಡಿಮೆ ರೇಟಿಗೆ ಸಿಗಬೇಕು, ನಿಜ. ಅಮ್ಮನಿಗೂ ಬೇಕು. ಆದರೆ ಆ ರೇಟಿನಲ್ಲಿ ನೀರು ಸರಿಯಾಗಿ ಶುದ್ಧ ಮಾಡುವ ಖರ್ಚೂ ಸೇರಬೇಕು ಅಲ್ವಾ? ಒಂದೆರಡು ರೂಪಾಯಿ ಜಾಸ್ತಿ ಆದರೆ ನಾನಂತೂ ಕೊಡುತ್ತೇನೆ.

ಸ್ಟ್ರಿಪ್ ಇನ್ನೂ ಟೇಬಲ್ ಮೇಲಿದೆ. ವಾಪಸ್ ತಗೊಳ್ತೀರಾ ಅಂತ ನಾಳೆ ಮೆಡಿಕಲ್ ಶಾಪಿನಲ್ಲಿ ಕೇಳಬೇಕು.