ಬೆಂಗಳೂರಿನ ಬೀದಿಗೆ ಮಗುವಿನ ಗಾಡಿ: ತಳ್ಳುವ ಮೊದಲು ಎತ್ತಿ ನೋಡಿ

ಸ್ಟ್ರೋಲರ್ ಕೊಳ್ಳಲು ಹೋದವರೆಲ್ಲ ಅಂಗಡಿಯ ಟೈಲ್ಸ್ ಮೇಲೆ ಅದನ್ನು ಒಮ್ಮೆ ಹಿಂದೆ ಮುಂದೆ ತಳ್ಳಿ ನೋಡುತ್ತಾರೆ. ಆ ನುಣುಪು ನೆಲದ ಮೇಲೆ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ನಮ್ಮ ಊರಿನ ಬೀದಿಗೆ ಬೇಕಾದ ಪರೀಕ್ಷೆ ಬೇರೆ. ಒಂದು ಕೈಯಲ್ಲಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಇನ್ನೊಂದು ಕೈಯಲ್ಲಿ ಗಾಡಿ ಮಡಚಿ, ಹತ್ತು ಮೆಟ್ಟಿಲು ಹತ್ತಿ ನೋಡಿ. ಅಷ್ಟು ಮಾಡಲು ಆಗುವ ಗಾಡಿ ಮಾತ್ರ ದಿನಾ ಹೊರಗೆ ಬರುತ್ತದೆ. ಉಳಿದವು ಮೂರನೇ ವಾರಕ್ಕೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತುಬಿಡುತ್ತವೆ.

ಬೆಂಗಳೂರಿನಲ್ಲಿ ಮನೆಯಿಂದ ಮೆಟ್ರೊ ನಿಲ್ದಾಣಕ್ಕೆ ಅರ್ಧ ಕಿಲೋಮೀಟರ್ ನಡೆಯುವಾಗ ಎಷ್ಟು ಸಲ ಗಾಡಿ ಎತ್ತಬೇಕಾಗುತ್ತದೆ ಎಂದು ಎಣಿಸಿ. ಪ್ರತಿ ಗೇಟಿನ ಮುಂದೆ ಕಾರು ಇಳಿಸಲು ಫುಟ್‌ಪಾತ್ ತಗ್ಗಿಸಿರುತ್ತಾರೆ, ಅದು ಮುಗಿದ ಕೂಡಲೇ ಮತ್ತೆ ಏರು. ನಡುವೆ ಟ್ರಾನ್ಸ್‌ಫಾರ್ಮರ್ ಕಟ್ಟೆ, ಮರದ ಬೇರು, ಬೈಕುಗಳು ಹತ್ತಬಾರದೆಂದು ನೆಟ್ಟ ಗಿಡ್ಡ ಕಂಬಗಳು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅದರ ಅಂಚು ರಸ್ತೆಗಿಂತ 15 ಸೆಂ.ಮೀ.ಗೂ ಹೆಚ್ಚು ಎತ್ತರ ಇರಬಾರದು. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನಿಂಗ್‌ಹ್ಯಾಮ್ ರಸ್ತೆಯಂಥ ಟೆಂಡರ್‌ಶ್ಯೂರ್ (ಫುಟ್‌ಪಾತ್ ಸಮೇತ ಹೊಸದಾಗಿ ವಿನ್ಯಾಸ ಮಾಡಿ ಕಟ್ಟಿದ) ರಸ್ತೆಗಳಲ್ಲಿ ಗಾಡಿ ಆರಾಮವಾಗಿ ಸಾಗುತ್ತದೆ. ಹಳೆಯ ಬಡಾವಣೆಗಳ ಮೋರಿ ಚಪ್ಪಡಿಗಳ ಮೇಲೆ ಆ ಸುಖ ಇಲ್ಲ.

ಹಾಗಾಗಿ ಮೊದಲ ಲೆಕ್ಕ ತೂಕದ್ದು. ವರ್ಷದ ಮಗು ಸಾಮಾನ್ಯವಾಗಿ 9 ಕೆ.ಜಿ. ಆಸುಪಾಸು ಇರುತ್ತದೆ. ಅದಕ್ಕೆ 6 ಕೆ.ಜಿ. ಗಾಡಿ, 2 ಕೆ.ಜಿ. ಡೈಪರ್ ಬ್ಯಾಗ್ ಸೇರಿಸಿದರೆ 17. ಅದೇ ಗಾಡಿ 10 ಕೆ.ಜಿ. ಇದ್ದರೆ 21. ಈ ನಾಲ್ಕು ಕೆ.ಜಿ. ವ್ಯತ್ಯಾಸ ಕಾಗದದ ಮೇಲೆ ಸಣ್ಣದು, ಲಿಫ್ಟ್ ಕೆಟ್ಟ ದಿನ ಮೂರನೇ ಮಹಡಿಯಲ್ಲಿ ದೊಡ್ಡದು. ಎತ್ತಿ ತಿರುಗಬೇಕಾದ ಗಾಡಿಗೆ 7 ಕೆ.ಜಿ. ನನ್ನ ಮಿತಿ. ಜಾಹೀರಾತಿನಲ್ಲಿ ಹೇಳುವ ತೂಕದಲ್ಲಿ ಎಷ್ಟೋ ಸಲ ಹುಡ್, ಮುಂದಿನ ಅಡ್ಡಪಟ್ಟಿ, ಬುಟ್ಟಿ ಸೇರಿರುವುದಿಲ್ಲ. ಎಲ್ಲ ಜೋಡಿಸಿದ ಗಾಡಿಯನ್ನೇ ತೂಗಿ ನೋಡಿ.

ಮಡಚುವ ರೀತಿಯಲ್ಲಿ ಎರಡು ಮುಖ್ಯ ಬಗೆಗಳಿವೆ. ಹಳೆಯದು ಛತ್ರಿ ಮಾದರಿ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಜೋಡಣೆಗೆ ಕೆಲಸ ಮಾಡಿದ್ದ ಇಂಗ್ಲೆಂಡಿನ ಎಂಜಿನಿಯರ್ ಓವನ್ ಮ್ಯಾಕ್ಲಾರೆನ್ 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಇದನ್ನು ರೂಪಿಸಿದರು. ಮಡಚಿದರೆ ಸುಮಾರು ಒಂದು ಮೀಟರ್ ಉದ್ದದ ಕಟ್ಟಾಗುತ್ತದೆ. ಹಗುರ, ಅಗ್ಗ, ಬಾಗಿಲ ಹಿಂದೆ ನಿಲ್ಲಿಸಬಹುದು. ಆದರೆ ಎರಡು ಹಿಡಿಕೆ ಇರುವುದರಿಂದ ಒಂದೇ ಕೈಯಲ್ಲಿ ತಳ್ಳಿದರೆ ಪಕ್ಕಕ್ಕೆ ಎಳೆಯುತ್ತದೆ. ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದ ಮಳೆಗಾಲದಲ್ಲಿ ಇದು ನಿಜವಾದ ತೊಂದರೆ.

ಹೊಸದು ಮೂರು ಮಡಿಕೆಯ ಪೆಟ್ಟಿಗೆ ಮಾದರಿ. ಒಂದೇ ಅಡ್ಡ ಹಿಡಿಕೆ, ಮಡಚಿದರೆ ಸೂಟ್‌ಕೇಸಿನಷ್ಟು. ಯೋಯೋ 2 ಎಂಬ ಗಾಡಿ ಮಡಚಿದಾಗ 52×44×18 ಸೆಂ.ಮೀ., ತೂಕ 6 ಕೆ.ಜಿ.ಗಿಂತ ತುಸು ಹೆಚ್ಚು. ಜಿಬಿ ಪಾಕಿಟ್ 35×30×18 ಸೆಂ.ಮೀ.ಗೆ ಕುಗ್ಗಿ 2014ರಲ್ಲಿ ಗಿನ್ನೆಸ್ ದಾಖಲೆ ಮಾಡಿತು. ಅದರ ಮೊದಲ ಮಾದರಿಯಲ್ಲಿ ಬೆನ್ನು ಒರಗುತ್ತಲೇ ಇರಲಿಲ್ಲ, ಚಕ್ರಗಳೂ ತೀರಾ ಚಿಕ್ಕವು. ಗಾತ್ರ ಕುಗ್ಗಿಸಲು ಏನೇನು ಬಿಟ್ಟುಕೊಡಬೇಕಾಗುತ್ತದೆ ಎಂಬುದು ಅದರಲ್ಲಿ ಎದ್ದು ಕಾಣುತ್ತದೆ. ಇದೇ ವಿನ್ಯಾಸದ ಕಡಿಮೆ ಬೆಲೆಯ ಗಾಡಿಗಳು ಈಗ ನಮ್ಮಲ್ಲೂ ಬೇಕಾದಷ್ಟಿವೆ.

ಬೆಂಗಳೂರಿಗೆ ಪೆಟ್ಟಿಗೆ ಮಾದರಿಯೇ ಸರಿ ಎನ್ನಲು ನನ್ನ ಮುಖ್ಯ ಕಾರಣ ಕ್ಯಾಬುಗಳ ಡಿಕ್ಕಿ. ಸಿಎನ್‌ಜಿ ಕ್ಯಾಬಾದರೆ ಡಿಕ್ಕಿಯ ಬಹುಪಾಲನ್ನು ಸಿಲಿಂಡರ್ ನುಂಗಿರುತ್ತದೆ. ಒಂದು ಮೀಟರ್ ಉದ್ದದ ಛತ್ರಿ ಗಾಡಿ ಅಲ್ಲಿ ಹಿಡಿಸದೆ ಹಿಂದಿನ ಸೀಟಿನಲ್ಲಿ ಎಲ್ಲರ ಮೊಣಕಾಲಿನ ಮೇಲೆ ಅಡ್ಡ ಬರುತ್ತದೆ. ಪೆಟ್ಟಿಗೆ ಮಾದರಿಯಾದರೆ ಮುಂದಿನ ಸೀಟಿನ ಮೇಲೋ ಕಾಲಿಡುವ ಜಾಗದಲ್ಲೋ ನೆಟ್ಟಗೆ ಕೂರುತ್ತದೆ. ಆಟೊದಲ್ಲಿ ಸೀಟಿನ ಹಿಂದಿನ ಜಾಗಕ್ಕೂ ಇದೇ ಸಲೀಸು. ವಾಹನ ಯಾವುದೇ ಇರಲಿ, ಮಗುವನ್ನು ಗಾಡಿಯಲ್ಲೇ ಕೂರಿಸಿಕೊಂಡು ಹೋಗಬೇಡಿ. ಸ್ಟ್ರೋಲರ್ ಕಾರ್ ಸೀಟ್ ಅಲ್ಲ, ಅಪಘಾತದಲ್ಲಿ ಅದು ಮಗುವನ್ನು ಹಿಡಿದಿಡುವುದಿಲ್ಲ.

ವಿಮಾನದ ಮಾತೂ ಒಂದಿದೆ. ‘ಕ್ಯಾಬಿನ್ ಸೈಜ್’ ಎಂದು ಮಾರುವ ಗಾಡಿಗಳೆಲ್ಲ ನಮ್ಮ ವಿಮಾನಗಳ ಕ್ಯಾಬಿನ್ನಿಗೆ ಹೊಂದುವುದಿಲ್ಲ. ಇಂಡಿಗೊದಲ್ಲಿ ಕೈಚೀಲದ ಅಳತೆ 55×35×25 ಸೆಂ.ಮೀ., ತೂಕ 7 ಕೆ.ಜಿ. ಗಾಡಿ 44 ಸೆಂ.ಮೀ. ಅಗಲ ಇದ್ದರೆ ಆ 35ರಲ್ಲಿ ಹಿಡಿಸುವುದಿಲ್ಲ. ವಿಮಾನದ ಬಾಗಿಲಲ್ಲಿ ಒಪ್ಪಿಸಲು ಸಿದ್ಧರಾಗಿ ಹೋಗಿ, ಒಂದು ಗಟ್ಟಿ ಚೀಲವನ್ನೂ ಜೊತೆಗಿಟ್ಟುಕೊಳ್ಳಿ.

‘ಒಂದೇ ಕೈಯಲ್ಲಿ ಮಡಚಬಹುದು’ ಎಂಬ ಮಾತನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಮಾರುವವರು ಮಾಡಿ ತೋರಿಸಿದ್ದು ಸಾಲದು, ನೀವೇ ಮಾಡಬೇಕು. ಗುಂಡಿ ಒತ್ತುವ ಮೊದಲು ಹುಡ್ ಮುಚ್ಚಬೇಕೆ? ಬೆನ್ನು ನೆಟ್ಟಗೆ ತರಬೇಕೆ? ಕೆಳಗಿನ ಬುಟ್ಟಿ ಖಾಲಿ ಮಾಡಬೇಕೆ? ಮೂರಕ್ಕೂ ಹೌದು ಎಂದಾದರೆ ಅದು ಒಂದು ಕೈಯ ಕೆಲಸವಲ್ಲ. ಮಡಚಿದ ಮೇಲೆ ತಾನಾಗಿ ನಿಲ್ಲುತ್ತದೆಯೆ, ನಿಂತಾಗ ನೆಲಕ್ಕೆ ತಾಗುವುದು ಚಕ್ರವೊ ಬಟ್ಟೆಯೊ ನೋಡಿ. ಕೆಲವು ಗಾಡಿಗಳಲ್ಲಿ ಮಗು ಬಾಯಿ ಹಾಕುವ ಅಡ್ಡಪಟ್ಟಿಯೇ ನೆಲಕ್ಕೆ ಒರಗುತ್ತದೆ. ನಮ್ಮ ಬೀದಿಗೆ ಅದು ಬೇಡವೇ ಬೇಡ. ಬಿಚ್ಚಿದಾಗ ಬೀಗ ‘ಟಕ್’ ಎಂದು ಕೂತ ಸದ್ದು ಕೇಳಬೇಕು. ಕೇಳಿದ ಮೇಲೂ ಹಿಡಿಕೆಯನ್ನು ಒಮ್ಮೆ ಮೇಲಕ್ಕೆಳೆದು ಖಾತ್ರಿ ಮಾಡಿಕೊಂಡೇ ಮಗುವನ್ನು ಕೂರಿಸಿ. ಅರ್ಧ ಕೂತ ಬೀಗ ಮೊದಲ ಹಂಪ್‌ನಲ್ಲೇ ಕಳಚಿಕೊಳ್ಳಬಹುದು.

ಇನ್ನು ಚಕ್ರ. ಕಾಂಪ್ಯಾಕ್ಟ್ ಗಾಡಿಗಳ ಚಕ್ರ ಸಾಮಾನ್ಯವಾಗಿ 12ರಿಂದ 15 ಸೆಂ.ಮೀ. ವ್ಯಾಸ. ಗಾತ್ರ ಯಾಕೆ ಮುಖ್ಯ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಎರಡು ಚಪ್ಪಡಿಗಳ ನಡುವೆ 8 ಸೆಂ.ಮೀ. ಸಂದಿ ಇದೆ ಎಂದುಕೊಳ್ಳಿ. 13 ಸೆಂ.ಮೀ. ಚಕ್ರ ಅದರೊಳಗೆ ಸುಮಾರು 1.4 ಸೆಂ.ಮೀ. ಇಳಿಯುತ್ತದೆ, 25 ಸೆಂ.ಮೀ. ಚಕ್ರ ಇಳಿಯುವುದು 0.7 ಮಾತ್ರ. ಇಳಿತ ದುಪ್ಪಟ್ಟು. ಮೇಲಾಗಿ ಚಿಕ್ಕ ಚಕ್ರ ಎದುರಿನ ಅಂಚನ್ನು ಕಡಿದಾದ ಕೋನದಲ್ಲಿ ತಾಗುವುದರಿಂದ ಹತ್ತುವ ಬದಲು ಅಲ್ಲೇ ನಿಂತುಬಿಡುತ್ತದೆ. ಆಗ ಹಿಡಿಕೆ ನಿಮ್ಮ ಹೊಟ್ಟೆಗೆ ಗುದ್ದುತ್ತದೆ, ಮಗು ಮುಂದಕ್ಕೆ ಜೋಲುತ್ತದೆ. ಬೆಲ್ಟ್ ಹಾಕದ ಮಗು ಹೀಗೆ ಬೀಳಬಹುದು, ನಿಧಾನವಾಗಿ ನಡೆಯುವಾಗಲೂ.

ದೊಡ್ಡ ಚಕ್ರದ ಗಾಡಿ ಮಡಚಿದರೆ ಚಿಕ್ಕದಾಗುವುದಿಲ್ಲ, ಇದಕ್ಕೆ ಪರಿಹಾರ ಇಲ್ಲ. ಹಾಗಾಗಿ ಚಿಕ್ಕ ಚಕ್ರವನ್ನು ಒಪ್ಪಿಕೊಂಡು ಅದರಲ್ಲಿ ಒಳ್ಳೆಯದನ್ನು ಆರಿಸಬೇಕು. ಮುಂದಿನ ಚಕ್ರ 14 ಸೆಂ.ಮೀ.ಗಿಂತ ಕಡಿಮೆ ಬೇಡ. ಗಾಡಿ ಎತ್ತಿ ಚಕ್ರವನ್ನು ಬೆರಳಿನಿಂದ ತಿರುಗಿಸಿ: ಬೇರಿಂಗ್ ಇದ್ದರೆ ಸದ್ದಿಲ್ಲದೆ ಒಂದಷ್ಟು ಹೊತ್ತು ತಿರುಗುತ್ತದೆ, ಬರೀ ಪ್ಲಾಸ್ಟಿಕ್ ಬುಷ್ ಆದರೆ ಬೇಗ ನಿಲ್ಲುತ್ತದೆ. ಚಕ್ರದ ಮೇಲ್ಮೈಗೆ ಉಗುರು ಒತ್ತಿ. ತುಸು ಮೆತ್ತಗಿರುವ ರಬ್ಬರ್ ಅಥವಾ ಪಿಯು (ಪಾಲಿಯುರೆಥೇನ್) ಅದುರಾಟವನ್ನು ಹೀರುತ್ತದೆ, ಗಟ್ಟಿ ಪ್ಲಾಸ್ಟಿಕ್ ಪ್ರತಿ ಕಲ್ಲನ್ನೂ ಮಗುವಿನ ಬೆನ್ನಿಗೆ ಮುಟ್ಟಿಸುತ್ತದೆ. 2018ರಲ್ಲಿ ಕಲ್ಲು ಹಾಸಿದ ಚರ್ಚ್ ಸ್ಟ್ರೀಟಿನಲ್ಲಿ ನೂರು ಮೀಟರ್ ತಳ್ಳಿದರೆ ಈ ವ್ಯತ್ಯಾಸ ಅಂಗೈಗೇ ಗೊತ್ತಾಗುತ್ತದೆ. ಮುಂದಿನ ಚಕ್ರಗಳನ್ನು ನೇರಕ್ಕೆ ಲಾಕ್ ಮಾಡುವ ಸೌಲಭ್ಯ ಇರಲಿ. ಒರಟು ನೆಲದಲ್ಲಿ ತಿರುಗುವ ಚಕ್ರ ಗಡಗಡ ಅಲುಗಿ ಅಡ್ಡ ತಿರುಗುತ್ತದೆ, ಲಾಕ್ ಮಾಡಿದರೆ ನೇರ ಸಾಗುತ್ತದೆ. ಮೋರಿಯ ಕಬ್ಬಿಣದ ಜಾಲರಿ ದಾಟುವಾಗ ಸರಳುಗಳಿಗೆ ಅಡ್ಡಲಾಗಿ ಹೋಗಿ. ಸರಳುಗಳ ಗುಂಟ ಹೋದರೆ ತೆಳು ಚಕ್ರ ಸಂದಿಯಲ್ಲಿ ಇಳಿದು ಸಿಕ್ಕಿಕೊಳ್ಳುತ್ತದೆ.

ಅಂಚು ಹತ್ತಿಸುವ ಕ್ರಮ: ನಿಲ್ಲಿ, ಹಿಡಿಕೆಯನ್ನು ಕೆಳಕ್ಕೆ ಒತ್ತಿ ಮುಂದಿನ ಚಕ್ರ ಎತ್ತಿ ಮೇಲಿಡಿ, ಆಮೇಲೆ ಹಿಂಭಾಗವನ್ನು ಎತ್ತಿ ಮುಂದೂಡಿ. ಇಳಿಸುವಾಗ ನೀವು ಮೊದಲು ಇಳಿದು, ಹಿಂದಿನ ಚಕ್ರ ಮೊದಲು ಬರುವಂತೆ ಗಾಡಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮೆಟ್ರೊ ಬೋಗಿಗೂ ಹೀಗೆಯೇ ಹಿಂದಿನ ಚಕ್ರ ಮೊದಲು. ತಿರುಗುವ ಮುಂದಿನ ಚಕ್ರ ಪ್ಲಾಟ್‌ಫಾರಂ ಸಂದಿಯಲ್ಲಿ ಅಡ್ಡ ತಿರುಗಿದರೆ ಬಾಗಿಲು ಮುಚ್ಚುವ ಹೊತ್ತಿಗೆ ಬಿಡಿಸಿಕೊಳ್ಳುವುದು ಕಷ್ಟ. ನಿಲ್ದಾಣದಲ್ಲಿ ಲಿಫ್ಟನ್ನೇ ಬಳಸಿ, ಎಸ್ಕಲೇಟರ್ ಮೇಲೆ ಗಾಡಿ ಇಡಬೇಡಿ. ಒಳಹೋಗಲು ಗಾಲಿಕುರ್ಚಿಯವರಿಗಿರುವ ಅಗಲದ ಗೇಟ್ ಕೇಳಿ. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಮಾರ್ಗಕ್ಕೆ, ಆರ್.ವಿ. ರಸ್ತೆಯಲ್ಲಿ ಹಸಿರಿನಿಂದ ಹಳದಿ ಮಾರ್ಗಕ್ಕೆ ಬದಲಾಗುವವರು ಆಫೀಸಿನ ಹೊತ್ತಿನಲ್ಲಿ ಗಾಡಿ ಬಿಚ್ಚುವ ಆಸೆ ಬಿಡಿ. ಮಗು ಎದೆಗೆ ಕಟ್ಟಿದ ಕ್ಯಾರಿಯರ್‌ನಲ್ಲಿ, ಮಡಚಿದ ಗಾಡಿ ಕೈಯಲ್ಲಿ.

ಬ್ರೇಕ್ ವಿಷಯದಲ್ಲಿ ನಮಗೊಂದು ವಿಶೇಷ ಅಗತ್ಯ ಇದೆ: ನಾವು ಚಪ್ಪಲಿ ಹಾಕುವವರು. ಬ್ರೇಕ್ ಬಿಡಿಸಲು ಪೆಡಲನ್ನು ಕಾಲ್ಬೆರಳಿನಿಂದ ಮೇಲಕ್ಕೆತ್ತಬೇಕಾದ ಗಾಡಿಯಲ್ಲಿ ದಿನಾ ಬೆರಳು ನೋಯುತ್ತದೆ, ಕೊನೆಗೆ ಬ್ರೇಕ್ ಹಾಕುವ ಅಭ್ಯಾಸವೇ ತಪ್ಪುತ್ತದೆ. ಒತ್ತಿದರೆ ಬೀಳುವ, ಮತ್ತೊಮ್ಮೆ ಒತ್ತಿದರೆ ಬಿಡುವ ಒಂದೇ ಪೆಡಲ್ ಹುಡುಕಿ. ಬ್ರೇಕ್ ಹಾಕಿ ಇಳಿಜಾರಿನಲ್ಲಿ ತಳ್ಳಿ ನೋಡಿ, ಎರಡೂ ಹಿಂಚಕ್ರಗಳು ಹಿಡಿದಿರಬೇಕು. ಸೀರೆ, ದುಪಟ್ಟಾ ತೊಡುವವರು ಸೆರಗನ್ನು ಸಿಕ್ಕಿಸಿಕೊಂಡೇ ತಳ್ಳಿ. ಹಿಂಚಕ್ರಕ್ಕೆ ಸೆರಗು ಸುತ್ತಿಕೊಂಡರೆ ಗಾಡಿ ತಟ್ಟನೆ ನಿಲ್ಲುತ್ತದೆ.

ಬೆಲ್ಟ್ ಐದು ಕಡೆಯದೇ ಬೇಕು: ಎರಡು ಭುಜ, ಎರಡು ಸೊಂಟ, ಒಂದು ಕಾಲ ನಡುವೆ. ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಿಂದಲೋ ತುಸು ಮೇಲಿನಿಂದಲೋ ಬರಬೇಕು. ಮಗು ಬೆಳೆದಂತೆ ಎತ್ತರ ಬದಲಿಸಲಾಗದಿದ್ದರೆ ಕೆಲವೇ ತಿಂಗಳಲ್ಲಿ ಪಟ್ಟಿ ಭುಜವನ್ನು ಕೆಳಕ್ಕೆ ಎಳೆಯತೊಡಗುತ್ತದೆ.

ವಯಸ್ಸಿನ ಮಾತು. ಆರು ತಿಂಗಳೊಳಗಿನ ಕೂಸಿಗೆ ಗಾಡಿಯ ಬೆನ್ನು ಬಹುತೇಕ ಚಪ್ಪಟೆಯಾಗಬೇಕು. ಯುರೋಪಿನ ಇಎನ್ 1888 ಮಾನದಂಡ ಕೇಳುವುದು ಸೀಟಿಗೂ ಬೆನ್ನಿಗೂ ನಡುವೆ ಕನಿಷ್ಠ 150 ಡಿಗ್ರಿ. ಕತ್ತು ಸರಿಯಾಗಿ ನಿಲ್ಲದ ಮಗುವನ್ನು ನೆಟ್ಟಗೆ ಕೂರಿಸಿದರೆ ತಲೆ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಅಗ್ಗದ ಕಾಂಪ್ಯಾಕ್ಟ್ ಗಾಡಿಗಳಲ್ಲಿ ಹಲವು ಅಷ್ಟು ಒರಗುವುದಿಲ್ಲ. ಹಾಗಾಗಿ ನನ್ನ ಸಲಹೆ ಸರಳ: ಮೊದಲ ಆರು ತಿಂಗಳು ಕ್ಯಾರಿಯರ್ ಸಾಕು, ಮಗು ತಾನಾಗಿ ಕೂರತೊಡಗಿದ ಮೇಲೆ ಗಾಡಿ ಕೊಳ್ಳಿ. ತೂಕದ ಮಿತಿಯನ್ನೂ ಓದಿ. 15 ಕೆ.ಜಿ. ಮಿತಿಯ ಗಾಡಿ ಸುಮಾರು ಮೂರು ವರ್ಷದವರೆಗೆ ಬರುತ್ತದೆ, 22 ಕೆ.ಜಿ. ಇದ್ದರೆ ಇನ್ನೂ ಮುಂದಕ್ಕೆ.

ಬಿಸಿಲಿಗೆ ಹುಡ್ ಉದ್ದ ಇರಬೇಕು, ಹಿಂದೆ ಗಾಳಿಯಾಡಲು ಜಾಲರಿ ಕಿಟಕಿ ಇರಬೇಕು. ಅಜ್ಜಿಯಂದಿರು ಪ್ರೀತಿಯಿಂದ ಗಾಡಿಯ ಮೇಲೆ ಪೂರ್ತಿ ಬಟ್ಟೆ ಹೊದಿಸುವುದುಂಟು. ಒಣ ಬಟ್ಟೆ ಒಳಗಿನ ಗಾಳಿಯನ್ನು ತಡೆದು ಬಿಸಿ ಏರಿಸುತ್ತದೆ. ಸಿಡ್ನಿ ವಿಶ್ವವಿದ್ಯಾಲಯದವರು 2023ರಲ್ಲಿ ಅಳೆದಾಗ ತೆಳು ಮಸ್ಲಿನ್ ಹೊದಿಸಿದ್ದಕ್ಕೇ ಎರಡೂವರೆ ಡಿಗ್ರಿಯಷ್ಟು ಹೆಚ್ಚಿತ್ತು. ನೆರಳಿನ ಬದಿಯಲ್ಲಿ ನಡೆಯಿರಿ, ಆಗಾಗ ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ.

ಹಿಡಿಕೆಗೆ ತರಕಾರಿ ಚೀಲ ನೇತುಹಾಕುವ ಚಟ ಬೇಡ. ಮಗು ಕೂತಿರುವಷ್ಟು ಹೊತ್ತು ತೂಕ ಸರಿದೂಗುತ್ತದೆ, ಎತ್ತಿಕೊಂಡ ಕ್ಷಣ ಹಗುರ ಗಾಡಿ ಹಿಂದಕ್ಕೆ ಮಗುಚುತ್ತದೆ. ಸಾಮಾನು ಕೆಳಗಿನ ಬುಟ್ಟಿಯಲ್ಲೇ ಇರಲಿ, ಅದರ ಮಿತಿಯೊಳಗೆ.

ಮಳೆಗಾಲ ಇದಕ್ಕೆ ದೊಡ್ಡ ಶತ್ರು. ನೆನೆದ ಗಾಡಿಯನ್ನು ಮಡಚಿಟ್ಟರೆ ಎರಡೇ ದಿನದಲ್ಲಿ ಬಟ್ಟೆ ಬೂಷ್ಟು ಹಿಡಿಯಬಹುದು. ಬಿಚ್ಚಿ, ಫ್ಯಾನಿನ ಕೆಳಗೆ ಒಣಗಿಸಿ. ತಿಂಗಳಿಗೊಮ್ಮೆ ಚಕ್ರ ಕಳಚಿ ಅಚ್ಚಿಗೆ ಸುತ್ತಿದ ಕೂದಲು, ದಾರವನ್ನು ಕತ್ತರಿಸಿ ತೆಗೆಯಿರಿ, ಮಣ್ಣು ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ತೆಂಗಿನೆಣ್ಣೆ, ಯಂತ್ರದ ಎಣ್ಣೆ ಹಾಕಿದರೆ ಧೂಳು ಅಂಟಿ ಕೆಸರಿನಂತಾಗುತ್ತದೆ.

ಹಳೆಯ ಗಾಡಿ ಕೊಳ್ಳುವುದಾದರೆ 10 ಕೆ.ಜಿ. ಅಕ್ಕಿ ಚೀಲ ಜೊತೆಗೊಯ್ಯಿರಿ. ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ, ಒಂದೇ ಕೈಯಲ್ಲಿ ತಳ್ಳಿ, ಹೊಸ್ತಿಲು ದಾಟಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ. ಎರಡೂ ಕೈಯಲ್ಲಿ ನೇರ ತಳ್ಳಿದರೂ ಒಂದು ಕಡೆಗೆ ಎಳೆದರೆ ಚೌಕಟ್ಟು ಬಾಗಿರಬಹುದು, ಅದನ್ನು ಬಿಡಿ. ಬಕಲ್ ಹತ್ತು ಸಲ ಹಾಕಿ ತೆಗೆಯಿರಿ. ಕೊನೆಗೆ ಮಡಚುವ ಕೀಲುಗಳಿಗೆ ಮುಚ್ಚಳ ಇದೆಯೆ ನೋಡಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಛತ್ರಿ ಗಾಡಿಗಳನ್ನು ಹಿಂದಕ್ಕೆ ಕರೆದದ್ದು ಇದೇ ಕಾರಣಕ್ಕೆ. ಬಿಚ್ಚುವಾಗ ತೆರೆದ ಕೀಲಿನಲ್ಲಿ ಸಿಕ್ಕಿ 12 ಮಕ್ಕಳ ಬೆರಳ ತುದಿ ತುಂಡಾಗಿತ್ತು. ಕೀಲು ತೆರೆದಿರುವ ಹಳೆಯ ಗಾಡಿಯನ್ನು ಯಾರಾದರೂ ಬಿಟ್ಟಿ ಕೊಟ್ಟರೂ ತರಬೇಡಿ. ಹೊಸದಾದರೂ ಸರಿ, ಮಡಚುವಾಗ ಬಿಚ್ಚುವಾಗ ಮಗು ನಿಮ್ಮ ಸೊಂಟದ ಮೇಲೋ ಇನ್ನೊಬ್ಬರ ಕೈಯಲ್ಲೋ ಇರಲಿ.